ಇಬ್ಬರು ಡಾಕ್ಟರು, ಒಂದು ಚೀಟಿ

ಮದುವೆ ಮನೆಯ ಪಂಕ್ತಿಯಲ್ಲಿ ಆರೋಗ್ಯಕ್ಕೆ ಅನ್ನ ಕೆಟ್ಟದ್ದೋ ತುಪ್ಪ ಕೆಟ್ಟದ್ದೋ ಎಂಬ ವಾದ ಶುರುವಾಯಿತೆಂದರೆ ನಾನು ಎದ್ದು ಕೈ ತೊಳೆಯಲು ಹೋಗಿಬಿಡುತ್ತೇನೆ. ಪಂಕ್ತಿಯ ನಡುವೆ ಏಳಬಾರದೆಂಬ ಮರ್ಯಾದೆ ನನಗೂ ಗೊತ್ತು. ಹಿರಿಯರು ಮುಖ ಸಿಂಡರಿಸುತ್ತಾರೆ, ಬಡಿಸುವವರು "ಯಾಕ್ರಿ, ಏನಾತು?" ಎಂದು ಹಿಂದೆ ಬರುತ್ತಾರೆ. ಏನಾಯಿತೆಂದು ಹೇಳಲಿ? ಅನ್ನ ಬಿಟ್ಟವರೂ ಬದುಕಿದ್ದಾರೆ, ತುಪ್ಪ ಬಿಟ್ಟವರೂ ಬದುಕಿದ್ದಾರೆ. ಎರಡನ್ನೂ ಬಿಡಿಸಿ ನಮ್ಮಪ್ಪನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದವನು ನಾನು. ಅದೂ ವಿಜ್ಞಾನ ಓದಿದವನು, ಊರ ಮಕ್ಕಳಿಗೆ ಪಾಠ ಹೇಳುವವನು!

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆಂಧ್ರದ ಆದೋನಿಯ ಒಂದು ಹೈಸ್ಕೂಲಿನಲ್ಲಿ ನನಗೆ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕು ಎರಡು ವರ್ಷವಾಗಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಅಪ್ಪ ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತರು, ಪಿಂಚಣಿಗೆ ಇನ್ನೂ ಎರಡು ವರ್ಷವಿತ್ತು. ಮನೆಯಲ್ಲಿ ನಾವು ಮೂವರೇ: ಅಪ್ಪ, ಅಮ್ಮ, ಮದುವೆಯಾಗದ ನಾನು. ಅಪ್ಪ ಜಗಳಗಂಟರಲ್ಲ, ಆಸೆಬುರುಕರೂ ಅಲ್ಲ. ಹರಿದ ಚಪ್ಪಲಿಯನ್ನು ಮೂರು ಸಲ ಹೊಲಿಸಿ ಹಾಕಿಕೊಳ್ಳುವ ಜೀವ. ಆದರೆ ಊಟ ಬೇಕಿತ್ತು ಅವರಿಗೆ. ಊಟದ ಹೊತ್ತಿಗೆ ಅವರ ಮುಖ ಅರಳುತ್ತಿದ್ದುದನ್ನು ನೋಡಿಯೇ ಅಮ್ಮನ ಅರ್ಧ ದಣಿವು ಹೋಗುತ್ತಿತ್ತು.

ನಮ್ಮಲ್ಲಿ ಬಡಿಸಿದ ಅನ್ನದ ಮೇಲೆ ತುಪ್ಪ ಬೀಳದೆ ಎಲೆಗೆ ಕೈ ಹಚ್ಚುವಂತಿಲ್ಲ. ಅದಕ್ಕೆ ಅಭಿಘಾರ ಎನ್ನುತ್ತಾರೆ. ಶಾಸ್ತ್ರಕ್ಕೆ ಒಂದು ಹನಿ ಸಾಕು. ಅಪ್ಪನಿಗೆ ಶಾಸ್ತ್ರ ಸಾಲುತ್ತಿರಲಿಲ್ಲ. ಬಿಸಿ ಅನ್ನದ ನಡುವೆ ಬೆರಳಿನಿಂದ ಗುಂಡಿ ಮಾಡಿ, ತೊವ್ವೆ ಹಾಕಿಸಿಕೊಂಡು, "ಹಾಕು, ಇನ್ನೊಂಚೂರು ಹಾಕು, ನಿನ್ನ ತವರುಮನಿದೇನೂ ಹೋಗಂಗಿಲ್ಲ" ಎಂದು ಅಮ್ಮನನ್ನು ರೇಗಿಸುತ್ತಿದ್ದರು. ಅಮ್ಮ "ನಮ್ಮ ತವರುಮನ್ಯಾಗ ಇಷ್ಟು ತಿನ್ನೋರು ಯಾರೂ ಇಲ್ಲ ಬಿಡ್ರಿ" ಎನ್ನುತ್ತಲೇ ಇನ್ನೊಂದು ಚಮಚ ಸುರಿಯುತ್ತಿದ್ದಳು. ಬೆಣ್ಣೆ ಹತ್ತಿರದ ಹಳ್ಳಿ ಪೆದ್ದಹರಿವಾಣಂನಿಂದ ಬರುತ್ತಿತ್ತು. ಎಮ್ಮೆ ಸಾಕಿದ ಒಬ್ಬ ಹೆಂಗಸು ವಾರಕ್ಕೊಮ್ಮೆ ಗಡಿಗೆ ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಇಳಿಸುತ್ತಿದ್ದಳು. ಅಮ್ಮ ಅದನ್ನು ಕಾಯಿಸುವ ದಿನ ಓಣಿಗೆಲ್ಲ ವಾಸನೆ.

ಒಂದು ಬೇಸಿಗೆ ಅಪ್ಪ ಕೊಡಗಟ್ಟಲೆ ನೀರು ಕುಡಿಯತೊಡಗಿದರು. ಬಚ್ಚಲ ಮೂಲೆಯಲ್ಲಿ ಇರುವೆ ಸಾಲುಗಟ್ಟಿದವು. ಊರಿನ ಹಳೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹತ್ತಿ ವ್ಯಾಪಾರದ ಮನೆತನದವರು, ಹಣೆಯ ತುಂಬ ವಿಭೂತಿ, ಬಾಯಿ ಜೋರು, ಕೈಗುಣ ಒಳ್ಳೆಯದು.

"ಸಕ್ಕರಿ ಬ್ಯಾನಿ ಐತ್ರಿ" ಎಂದರು. "ಅನ್ನ ಬಂದ್. ಬೆಲ್ಲ, ಬಾಳೆಹಣ್ಣು, ಆಲೂಗಡ್ಡಿ ಬಂದ್. ಜೋಳದ ರೊಟ್ಟಿ ಹೊತ್ತಿಗೆ ಒಂದು. ಹೊಟ್ಟಿ ತುಂಬಲಿಲ್ಲಂದ್ರ ಬ್ಯಾಳಿ, ಮೊಸರು, ಶೇಂಗಾ, ತುಪ್ಪ ತಿನ್ರಿ. ತುಪ್ಪದಾಗ ಸಕ್ಕರಿ ಇರಂಗಿಲ್ಲ."

ಅಪ್ಪ ಹೊರಗೆ ಬಂದವರೇ ನನ್ನ ಭುಜ ತಟ್ಟಿ, "ಡಾಕ್ಟರ್ ಅಂದ್ರ ಇವರು ನೋಡಪಾ!" ಎಂದರು. ಅನ್ನ ಹೋದದ್ದಕ್ಕೆ ದುಃಖವಿತ್ತು. ಆದರೆ ರೊಟ್ಟಿಗೆ ಬೆಣ್ಣೆ ಬಳಿದುಕೊಂಡು, ಗಟ್ಟಿ ತೊವ್ವೆ ಜೊತೆ ತಿಂದು ತೇಗುತ್ತಿದ್ದರು. ಎಂಟು ತಿಂಗಳು ಚೆನ್ನಾಗಿಯೇ ಇದ್ದರು. ಆ ಎಂಟು ತಿಂಗಳು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನಡೆಯುತ್ತಿದ್ದುದನ್ನು ನಡೆಯಲು ಬಿಡಬಾರದಿತ್ತೇ?

ಸಕ್ಕರೆ ನೋಡುವ ಕೆಲಸ ನನ್ನದು. ಶಾಲೆಯ ಲ್ಯಾಬಿನಿಂದ ಒಂದು ಗಾಜಿನ ನಳಿಗೆ, ಸ್ಪಿರಿಟ್ ದೀಪ ತಂದಿಟ್ಟುಕೊಂಡಿದ್ದೆ. ನೀಲಿ ಬಣ್ಣದ ದ್ರಾವಣದಲ್ಲಿ ಅಪ್ಪನ ಮೂತ್ರದ ಎಂಟು ಹನಿ ಹಾಕಿ ಕುದಿಸಬೇಕು. ನೀಲಿ ಹಾಗೆಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಇದೆ, ಹಳದಿಯಾದರೆ ಹೆಚ್ಚು, ಇಟ್ಟಿಗೆ ಕೆಂಪಾದರೆ ದೇವರೇ ಗತಿ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಅಪ್ಪ ಹಿತ್ತಲ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು, ಫಲಿತಾಂಶಕ್ಕೆ ಕಾದ ವಿದ್ಯಾರ್ಥಿಯ ಹಾಗೆ. ಆ ದಿನಗಳಲ್ಲಿ ಹೆಚ್ಚಾಗಿ ತಿಳಿಹಸಿರು ಬರುತ್ತಿತ್ತು. ಹಳೆಯ ಡಾಕ್ಟರು "ಅಷ್ಟಿದ್ರ ಇರ್ಲಿ ಬಿಡ್ರಿ" ಎನ್ನುತ್ತಿದ್ದರು. ನನಗೆ ಅದು ಸಾಲದು. ನನಗೆ ನೀಲಿಯೇ ಬೇಕಿತ್ತು.

ಮಾಘ ಮಾಸದಲ್ಲಿ ಆಫೀಸಿನ ಮೆಟ್ಟಿಲು ಹತ್ತುವಾಗ ಅಪ್ಪನಿಗೆ ಎದೆ ಹಿಡಿದುಕೊಂಡಿತು. ಎಡ ರೆಟ್ಟೆಯವರೆಗೂ ನೋವು. ಸಹೋದ್ಯೋಗಿಗಳು ಜಟಕಾದಲ್ಲಿ ಮನೆಗೆ ತಂದರು. ನಾನು ಹೆದರಿ, ಹಳೆಯ ಡಾಕ್ಟರಿಗೆ ಹೇಳದೆಯೇ ಮಾರನೆಯ ದಿನ ಕರ್ನೂಲಿಗೆ ಕರೆದುಕೊಂಡು ಹೋದೆ. ಅಲ್ಲಿ ಹೃದಯದ ಕಾಯಿಲೆ ನೋಡುವ ಒಬ್ಬ ಯುವ ಡಾಕ್ಟರು ಇದ್ದರು, ಮೃದು ಮಾತಿನವರು. ಎದೆಬಡಿತದ ಇಸಿಜಿ ಪಟ್ಟಿ ತೆಗೆದು ನೋಡಿ, "ನೆಯ್ಯಿ ವದ್ದು, ವೆನ್ನ ವದ್ದು" ಎಂದರು. ತುಪ್ಪ ಬೇಡ, ಬೆಣ್ಣೆ ಬೇಡ. ಕೊಬ್ಬರಿ, ಶೇಂಗಾ, ಕರಿದದ್ದು, ಕೆನೆ ಯಾವುದೂ ಬೇಡ. ಕೊಬ್ಬು ರಕ್ತನಾಳದಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಚಿತ್ರ ಬರೆದು ತೋರಿಸಿದರು.

"ಅನ್ನ ತಿನ್ನಬಹುದೇನ್ರಿ?" ಅಪ್ಪ ಕೇಳಿದರು. ದನಿಯಲ್ಲಿ ಆಸೆ ಇತ್ತು.

ಮಿತವಾಗಿ ತಿನ್ನಿ, ರೊಟ್ಟಿ ತಿನ್ನಿ, ಹೊಟ್ಟೆ ಅದರಿಂದಲೇ ತುಂಬಬೇಕು ಎಂದರು ಅವರು ತೆಲುಗಿನಲ್ಲಿ. ಸಕ್ಕರೆ ಕಾಯಿಲೆಗೆಂದು ಆದೋನಿಯ ಡಾಕ್ಟರು ಅನ್ನ ಬಿಡಿಸಿ ತುಪ್ಪ ತಿನ್ನಲು ಹೇಳಿದ್ದಾರೆಂದು ನಾನು ಹೇಳಿದೆ. ಅವರು ನಕ್ಕು, ಅದೆಲ್ಲ ಹಳೆಯ ಕಾಲದ ಪದ್ಧತಿ ಎಂದರು.

ಬಸ್ಸಿನಲ್ಲಿ ಬರುವಾಗ ನನ್ನ ತಲೆ ಕೆಟ್ಟುಹೋಗಿತ್ತು. ಒಬ್ಬರು ಅನ್ನವೇ ವಿಷ, ತುಪ್ಪ ತಿನ್ನು ಎನ್ನುತ್ತಾರೆ. ಇನ್ನೊಬ್ಬರು ತುಪ್ಪವೇ ವಿಷ, ಅನ್ನ ತಿನ್ನು ಎನ್ನುತ್ತಾರೆ. ಹಳೆಯ ಡಾಕ್ಟರನ್ನು ಹೋಗಿ ಕೇಳೋಣವೆಂದರೆ, ಅವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋದೆವೆಂದು ಹೇಳಲು ಸಂಕೋಚ. ಆ ದರಿದ್ರ ಸಂಕೋಚ ಎಷ್ಟು ದುಬಾರಿಯಾಯಿತು!

ದಾರಿ ತೋರಿಸಿದವಳು ಅಮ್ಮ. ನಮ್ಮ ಮನೆಯಲ್ಲಿ ಎರಡು ಪಂಚಾಂಗ ಇರುತ್ತಿದ್ದವು, ಅಪ್ಪನ ಮನೆತನದ ಮಠದ್ದೊಂದು, ಅಮ್ಮನ ತವರಿನ ಮಠದ್ದೊಂದು. ವರ್ಷಕ್ಕೆ ಒಂದೆರಡು ಸಲ ಏಕಾದಶಿ ಯಾವತ್ತು ಎಂಬುದರಲ್ಲಿ ಎರಡಕ್ಕೂ ಹೊಂದುತ್ತಿರಲಿಲ್ಲ. ಒಂದು ಇವತ್ತು ಎಂದರೆ ಇನ್ನೊಂದು ನಾಳೆ ಎನ್ನುತ್ತಿತ್ತು. ಅಮ್ಮ ಯಾರ ಹತ್ತಿರವೂ ವಾದಕ್ಕೆ ಹೋಗದೆ ಎರಡೂ ದಿನ ನೀರು ಕೂಡ ಮುಟ್ಟದೆ ಉಪವಾಸ ಮಾಡುತ್ತಿದ್ದಳು. ಯಾವ ಮಠದ ಮಾತೂ ಮೀರಿದಂತಾಗಲಿಲ್ಲ ಎಂಬ ಸಮಾಧಾನ ಅವಳಿಗೆ.

"ಇಬ್ಬರೂ ದೊಡ್ಡೋರು ಹೇಳ್ಯಾರ" ಎಂದಳು ಅಮ್ಮ. "ಒಬ್ಬರ ಮಾತು ತೆಗೆದುಹಾಕಿ ನಾಳೆ ಏನಾರ ಆದ್ರ ದೋಷ ಯಾರಿಗೆ? ಎರಡೂ ಹಿಡಿಯೋಣು. ಅವರು ಬ್ಯಾಡ ಅಂದದ್ದೂ ಬ್ಯಾಡ, ಇವರು ಬ್ಯಾಡ ಅಂದದ್ದೂ ಬ್ಯಾಡ."

ನನಗೆ ಅದು ಎಷ್ಟು ಸರಿ ಎನ್ನಿಸಿತೆಂದರೆ ಕೂಡಲೇ ಡ್ರಾಯಿಂಗ್ ಹಾಳೆ ತೆಗೆದುಕೊಂಡು, ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಬರೆದೆ. ಅನ್ನ ಬೇಡ. ಬೆಲ್ಲ ಬೇಡ. ಹಣ್ಣು ಬೇಡ. ತುಪ್ಪ ಬೇಡ. ಬೆಣ್ಣೆ ಬೇಡ. ಶೇಂಗಾ ಬೇಡ. ಕೊಬ್ಬರಿ ಬೇಡ. ಮೊಸರು ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಮಾತ್ರ. ರೊಟ್ಟಿ ಹೊತ್ತಿಗೆ ಒಂದು. ನನ್ನ ಅಕ್ಷರ ದುಂಡಗೆ, ನೋಡಲು ಚೆಂದ. ಚೀಟಿಯನ್ನು ಅಡುಗೆಮನೆಯ ಗೋಡೆಗೆ ಮೈದಾ ಅಂಟಿನಿಂದ ಅಂಟಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. "ನೀನು ಓದಿದವನು, ನಿನಗ ಗೊತ್ತಿರ್ತದ" ಎಂದಷ್ಟೇ ಹೇಳಿ ಹೊರಗೆ ಹೋದರು.

ಅಮ್ಮನಿಗೆ ಒಂದೇ ಚಿಂತೆ, ಅಭಿಘಾರದ್ದು. ತುಪ್ಪವಿಲ್ಲದೆ ಎಲೆ ಹಾಕುವುದು ಹೇಗೆ? ನಾನು ದೊಡ್ಡ ಮನಸ್ಸು ಮಾಡಿ ಒಂದು ಹನಿಗೆ ಒಪ್ಪಿದೆ. "ಒಂದು ಹನಿ ಅಂದ್ರ ಒಂದೇ ಹನಿ" ಎಂದೆ, ತಾಯಿಗೆ. ಅವಳು ಅದನ್ನೂ ಪಾಲಿಸಿದಳು. ಚಮಚ ತಲೆಕೆಳಗಾಗಿ ಹಿಡಿದು, ತುದಿಯಿಂದ ಒಂದು ಹನಿ ಬೀಳುವವರೆಗೆ ಕಾಯುತ್ತಿದ್ದಳು. ಅಪ್ಪನೂ ಕಾಯುತ್ತಿದ್ದರು. ಹನಿ ರೊಟ್ಟಿಯ ಮೇಲೆ ಬಿದ್ದ ಜಾಗದಿಂದಲೇ ಮೊದಲ ತುತ್ತು ಮುರಿಯುತ್ತಿದ್ದರು.

ಚೀಟಿ ಅಂಟಿಸಿದ ಎರಡನೆಯ ವಾರಕ್ಕೆ ನಳಿಗೆ ನೀಲಿಯಾಯಿತು. ನಾನು ಹಿತ್ತಲಿನಿಂದ "ನೀಲಿ!" ಎಂದು ಕೂಗಿದೆ. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಅಲ್ಲಿಂದ ಮುಂದೆ ದಿನಾ ನೀಲಿ. ಅಪ್ಪನ ಹೊಟ್ಟೆ ಇಳಿಯಿತು, ಕೆನ್ನೆ ಇಳಿಯಿತು, ಶರ್ಟಿನ ಕಾಲರು ಕೊರಳಿಗೆ ದೊಡ್ಡದಾಯಿತು. ಓಣಿಯವರು "ಏನ್ ಸಾರ್, ಹುಡುಗರಂಗ ಆಗೀರಿ" ಎಂದರೆ ನಾನು ಬೀಗುತ್ತಿದ್ದೆ. ಏಟು ತಿಂದ ಹಾಗೆ ಇರುತ್ತಿತ್ತು ಅಪ್ಪನ ನಗೆ. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ನಳಿಗೆಯನ್ನು ನೋಡುತ್ತಿದ್ದೆ.

ಅದೇ ದಿನಗಳಲ್ಲಿ ನಾನು ಏಳನೆಯ ತರಗತಿಗೆ ಆಹಾರದ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಒಂದು ಒಲೆ ಬರೆದು, ಶರೀರಕ್ಕೆ ಎರಡು ಇಂಧನ, ಪಿಷ್ಟ ಮತ್ತು ಕೊಬ್ಬು ಎಂದು ತೆಲುಗಿನಲ್ಲಿ ವಿವರಿಸುತ್ತಿದ್ದೆ. ಪಿಷ್ಟ ನಮ್ಮ ಹತ್ತಿಕಟ್ಟಿಗೆಯಂತೆ ಬೇಗ ಉರಿದು ಹೋಗುತ್ತದೆ, ಕೊಬ್ಬು ಜಾಲಿ ಕೊರಡಿನಂತೆ ನಿಧಾನಕ್ಕೆ ಉರಿಯುತ್ತದೆ. ಒಂದು ಕಡಿಮೆಯಾದರೆ ಇನ್ನೊಂದು ಒಲೆಯನ್ನು ಕಾಪಾಡುತ್ತದೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದೆ! ಪಾಠ ಮುಗಿಸಿ, ಕೈಯ ಸುಣ್ಣ ಒರೆಸಿಕೊಂಡು ಮನೆಗೆ ಬಂದು ಆ ಚೀಟಿಯ ಕೆಳಗೆ ಕುಳಿತು ಅನ್ನ ಉಣ್ಣುತ್ತಿದ್ದೆ. ಹೌದು, ನಾನು ಅನ್ನ ತುಪ್ಪ ಎರಡೂ ಉಣ್ಣುತ್ತಿದ್ದೆ; ತುಪ್ಪ ಅಂಗಡಿಯಿಂದ ಸೀಸೆಯಲ್ಲಿ ಬರುತ್ತಿತ್ತು. ಅಪ್ಪ ತಮ್ಮ ರೊಟ್ಟಿ ಮುಗಿಸಿ ಮಜ್ಜಿಗೆ ಕುಡಿದು, ನನ್ನ ಊಟ ಮುಗಿಯುವವರೆಗೆ ಎದುರಿಗೆ ಕೂತಿರುತ್ತಿದ್ದರು. ಏಳುತ್ತಿರಲಿಲ್ಲ.

ಆಷಾಢದಲ್ಲಿ ಚಾತುರ್ಮಾಸ್ಯದ ವ್ರತ ಬಂತು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ಕೊನೆಯದರಲ್ಲಿ ಬೇಳೆಯಿಲ್ಲ. ತಲೆತಲಾಂತರದಿಂದ ಬಂದದ್ದು, ಅಪ್ಪ ಒಂದು ವರ್ಷವೂ ತಪ್ಪಿಸಿದವರಲ್ಲ. ಚೀಟಿ ಬೇಡ ಎನ್ನದೆ ಬಿಟ್ಟಿದ್ದ ತರಕಾರಿ, ಹಾಲು, ಬೇಳೆಗಳೂ ಹೀಗೆ ಒಂದೊಂದು ತಿಂಗಳು ತಪ್ಪಿದವು. ಬೇಳೆ ಹೋದ ತಿಂಗಳು ಅಮ್ಮ ನನ್ನ ಹತ್ತಿರ ಬಂದು, "ಇವರಿಗೆ ಈ ಸಲ ವ್ರತ ಬ್ಯಾಡ ಅನ್ನಲೇನು? ಇಲ್ಲಾ, ತುತ್ತು ಅನ್ನ ಹಾಕಲೇನು?" ಎಂದು ಕೇಳಿದಳು. ನಾನು ಪುಸ್ತಕದಿಂದ ತಲೆಯೆತ್ತದೆ, "ನೀಲಿ ಬರಲಿಕ್ಕೆ ಹತ್ಯದಲ್ಲಮ್ಮಾ, ಈಗ್ಯಾಕ ಕೆಡಿಸ್ತೀ?" ಎಂದೆ.

ಪೆದ್ದಹರಿವಾಣಂನ ಹೆಂಗಸಿಗೆ ಬೆಣ್ಣೆ ಬೇಡವೆಂದು ಹೇಳಿದ್ದೆವು. ಆದರೂ ವಾರಕ್ಕೊಮ್ಮೆ ಊರಿಗೆ ಬಂದಾಗ ಆಕೆ ನಮ್ಮ ಕಟ್ಟೆಯ ಮೇಲೆ ಗಡಿಗೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ಆ ಹೊತ್ತಿಗೆ, ಆಫೀಸಿನಿಂದ ಮಧ್ಯಾಹ್ನದ ಊಟಕ್ಕೆ ಬಂದ ಅಪ್ಪ ತಪ್ಪದೆ ಕುಳಿತು, ಎಮ್ಮೆ ಈದಿತೇ, ಕಾಲುವೆಗೆ ನೀರು ಬಿಟ್ಟರೇ ಎಂದು ಕೇಳುತ್ತಿದ್ದರು. ದೀಪಾವಳಿ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು. ಕಟ್ಟೆಯ ಬದಿಗೆ ಬಂದಾಗ ಕಂಡಿತು. ಅಪ್ಪನ ಅಂಗೈಯಲ್ಲಿ ನೆಲ್ಲಿಕಾಯಿಯಷ್ಟು ಬೆಣ್ಣೆ. ಮಡಿ ಮೈಲಿಗೆ ನೋಡುವ, ಬೀದಿಯಲ್ಲಿ ನೀರೂ ಕುಡಿಯದ ಮನುಷ್ಯ, ಕಟ್ಟೆಯ ಮೇಲೆ ಬೀದಿಗೆ ಬೆನ್ನು ಮಾಡಿ ಕುಳಿತಿದ್ದರು.

"ಸಾಯಬೇಕಂತ ಮಾಡೀರೇನು?" ಎಂದು ಕೂಗಿದೆ. ನಾಲ್ಕು ಮನೆಗೆ ಕೇಳಿಸಿರಬೇಕು. "ನಾ ಇಷ್ಟು ಕಷ್ಟಪಟ್ಟು ಕಾಯೋದು, ನೀವು ಕಳ್ಳರಂಗ ಕುಂತು ತಿನ್ನೋದು! ನಾಚಿಕಿ ಆಗಂಗಿಲ್ಲೇನು?"

ಅಪ್ಪ ಬೆಣ್ಣೆಯನ್ನು ಆಕೆ ಗಡಿಗೆಗೆ ಮುಚ್ಚಿದ್ದ ಎಲೆಯ ಮೇಲೆ ವಾಪಸ್ಸು ಇಟ್ಟರು. ಕೈಯನ್ನು ಶಲ್ಯಕ್ಕೆ ಒರೆಸಿಕೊಂಡರು. "ತಪ್ಪಾತಪಾ" ಎಂದರು, ಮಗನಿಗೆ.

ಆಕೆ ಸುಮ್ಮನಿರಲಿಲ್ಲ. "ಸಣ್ಣ ಸ್ವಾಮೀ, ಅವರು ಕೇಳಿಲ್ಲ, ನಾನೇ ಕೊಟ್ಟೀನಿ. ಹಸದ ಮಾರಿ ನೋಡಿದ್ರ ನನಗ ತಿಳಿತೈತಿ. ನೀವು ಓದಿದೋರು, ನಿಮಗ ಕಾಣವಲ್ದೇನು?" ಎಂದಳು. ನಾನು ಆಕೆಯ ಮೇಲೂ ರೇಗಿದೆ. ಆಕೆ ಗಡಿಗೆ ಎತ್ತಿಕೊಂಡು ಹೋದಳು. ಅಪ್ಪ ಮತ್ತೆ ಎಂದೂ ಕಟ್ಟೆಗೆ ಬಂದು ಕೂರಲಿಲ್ಲ.

ಚಳಿ ಶುರುವಾದಾಗ ಕೆಮ್ಮು ಬಂತು. ಸಂಜೆಗೆ ಸಣ್ಣ ಜ್ವರ. ಕೆಮ್ಮಿದರೆ ಪಕ್ಕೆಲುಬು ಎಣಿಸುವಂತೆ ಕಾಣುತ್ತಿದ್ದವು. ಸಂಕೋಚ ನುಂಗಿಕೊಂಡು ಹಳೆಯ ಡಾಕ್ಟರನ್ನು ಮನೆಗೆ ಕರೆತಂದೆ. ಅವರು ಅಪ್ಪನನ್ನು ನೋಡಿದ ಕೂಡಲೇ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು.

"ಏನು ತಿಂತಾರ ಇವರು?"

ನಾನು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಹೆಮ್ಮೆಯಿಂದಲೇ ಅಡುಗೆಮನೆಗೆ ಕರೆದುಕೊಂಡು ಹೋಗಿ ಚೀಟಿ ತೋರಿಸಿದೆ. ಕರ್ನೂಲಿನ ವಿಷಯವನ್ನೂ ಆಗಲೇ ಹೇಳಿದೆ. ಅವರು ಮೇಲಿಂದ ಕೆಳಗೆ ಎರಡು ಸಲ ಓದಿದರು.

"ಇದರಾಗ ತಿನ್ನೋದು ಏನೈತಿ, ಮೇಷ್ಟ್ರೇ?"

ನಾನು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ, ರೊಟ್ಟಿ ಹೊತ್ತಿಗೆ ಒಂದು.

"ನಾ ಅನ್ನ ಬಿಡಿಸಿದೆ, ತುಪ್ಪ ಬ್ಯಾಳಿ ಕೊಟ್ಟೆ. ಆತ ತುಪ್ಪ ಬಿಡಿಸಿದ, ಅನ್ನ ರೊಟ್ಟಿ ಕೊಟ್ಟ. ಯಾವುದು ಸರಿ ಅಂತ ನಾವಿಬ್ಬರೂ ಬೇಕಾದ್ರ ಸಾಯೋತನಕ ಜಗಳ ಆಡ್ತೀವಿ. ಆದರ ಇಬ್ಬರೂ ಒಂದು ಕಸಗೊಂಡು ಒಂದು ಕೊಟ್ಟಿದ್ವಿ. ನೀನು ಕಸಗೊಂಡದ್ದು ಅಷ್ಟೂ ಬರಕೊಂಡೀ, ಕೊಟ್ಟದ್ದು ಅಷ್ಟೂ ಬಿಟ್ಟೀ!" ಅವರ ದನಿ ಏರಿತ್ತು. ಅಪ್ಪ ಒಳಗಿನಿಂದ, "ಅವನಿಗೆ ಅನ್ನಬ್ಯಾಡ್ರಿ ಡಾಕ್ಟ್ರೇ, ನನ್ನ ಸಲುವಾಗಿ ಬಹಳ ಮಾಡ್ಯಾನ" ಎಂದರು.

ಎದೆಯ ಎಕ್ಸ್‌ರೇಯಲ್ಲಿ ಎರಡೂ ಕಡೆ ಕ್ಷಯ ಕಂಡಿತು. ಸೂಜಿಮದ್ದು ಶುರುವಾಯಿತು. ಇವತ್ತಿನಿಂದಲೇ ಮೆತ್ತಗಿನ ಅನ್ನ, ತುಪ್ಪ, ಹಾಲು, ಏನು ಕೇಳಿದರೂ ಕೊಡಿ ಎಂದರು ಡಾಕ್ಟರು. ಅಮ್ಮ ಪಕ್ಕದ ಮನೆಯಿಂದ ಆಗಷ್ಟೇ ಕಾಯಿಸಿದ ತುಪ್ಪ ತಂದು, ಅನ್ನ ಮೆತ್ತಗೆ ಮಾಡಿ, ತೊವ್ವೆ ಕಲಸಿ ಅಪ್ಪನ ಮುಂದೆ ಇಟ್ಟಳು. ತುಪ್ಪದ ಗಿಂಡಿ ಪಕ್ಕದಲ್ಲಿಟ್ಟಳು. ಅಪ್ಪ ಅದಕ್ಕೆ ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದರು.

"ಹಾಕ್ಕೊಳ್ಳಲೇನಪಾ?" ಎಂದರು.

ನಾನೇ ಗಿಂಡಿ ಎತ್ತಿ ಸುರಿದೆ. ಅರ್ಧ ಹಾಸಿಗೆಯ ಮೇಲೆ ಬಿತ್ತು. ಅಪ್ಪ ಮೂರು ತುತ್ತು ತಿಂದರು. ನಾಲ್ಕನೆಯದು ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲವನ್ನೂ ಕಕ್ಕಿಬಿಟ್ಟರು. ಆಮೇಲಿನ ದಿನಗಳಲ್ಲೂ ಹಾಗೆಯೇ. ಬೇಕಾದ್ದು ಎದುರಿಗಿತ್ತು, ತಿನ್ನುವ ಶಕ್ತಿ ಇರಲಿಲ್ಲ. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ, ಬೆಳಗಿನ ಬಿಸಿಲು ಹಾಸಿಗೆಯ ಮೇಲೆ ಬಿದ್ದ ಹೊತ್ತಿಗೆ ಅಪ್ಪ ಹೋದರು. ಹೃದಯವಿತ್ತು, ಸಕ್ಕರೆಯಿತ್ತು, ಕ್ಷಯ ಯಾರಿಗಾದರೂ ಬರುತ್ತದೆ ಎಂದು ಹಳೆಯ ಡಾಕ್ಟರು ಕೊನೆಗೆ ನನ್ನ ತಲೆ ಸವರಿ ಹೇಳಿದರು. ಅದು ನಿಜವೂ ಇರಬಹುದು. ಅವರು ಒಳ್ಳೆಯವರು.

ಹನ್ನೆರಡನೆಯ ದಿನದ ಕರ್ಮಕ್ಕೆ ಪೆದ್ದಹರಿವಾಣಂನ ಹೆಂಗಸು ಬೆಣ್ಣೆ ತಂದಳು. ಯಾರೂ ಹೇಳಿಕಳಿಸಿರಲಿಲ್ಲ. "ಸ್ವಾಮ್ಯಾರಿಗಂತ ತಂದೀನಿ" ಎಂದು ಕಟ್ಟೆಯ ಮೇಲಿಟ್ಟು, ನನ್ನ ಮುಖ ನೋಡದೆ ಹೋದಳು. ಹೆಚ್ಚುಕಡಿಮೆ ಒಂದು ವರ್ಷಕ್ಕೆ ನಮ್ಮ ಮನೆಯಲ್ಲಿ ಬೆಣ್ಣೆ ಕಾಯಿತು. ಓಣಿಗೆಲ್ಲ ವಾಸನೆ. ಅಮ್ಮ ಆ ಚೀಟಿಯ ಕೆಳಗೇ ನಿಂತು ವಡೆ ಕರಿದಳು, ಪಾಯಸ ಮಾಡಿದಳು, ಅನ್ನ ಬಸಿದಳು. ಗೋಡೆಯಿಂದ ಅದನ್ನು ಕಿತ್ತುಹಾಕಲು ಇಬ್ಬರಿಗೂ ಕೈ ಬಂದಿರಲಿಲ್ಲ.

ಅಪ್ಪನ ಸ್ಥಾನದಲ್ಲಿ ಕುಳಿತ ಬ್ರಾಹ್ಮಣರು ಮಾಧವರಂ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ವಯಸ್ಸಾದವರು, ಅಪರಿಚಿತರು. ಅವರ ಅನ್ನದ ಮೇಲೆ ನಾನೇ ತುಪ್ಪ ಬಡಿಸಿದೆ. ಹನಿಯಲ್ಲ, ಧಾರೆ. ಊಟ ಮುಗಿಯುವ ಹೊತ್ತಿಗೆ ಕರ್ಮ ಮಾಡುವ ಮಗ ಕೈಮುಗಿದು, "ತೃಪ್ತಾಃ ಸ್ಥ?" ಎಂದು ಕೇಳಬೇಕು, ನಿಮಗೆ ತೃಪ್ತಿಯಾಯಿತೇ ಎಂದು. ಪುರೋಹಿತರು ಹೇಳಿಕೊಟ್ಟರು. ಚೀಟಿ ಅಂಟಿಸಿದಂದಿನಿಂದ ಸುಮಾರು ಹನ್ನೊಂದು ತಿಂಗಳು ದಿನಾ ಬೆಳಿಗ್ಗೆ ನಾನು ಅಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ, ಮೂತ್ರ ಹಿಡಿದಿಟ್ಟಿರೇನು ಎಂದು. ಹೊಟ್ಟೆ ತುಂಬಿತೇನು ಎಂದು ಒಂದು ದಿನವೂ ಕೇಳಿರಲಿಲ್ಲ.

"ಕೇಳಪಾ, ಹೊತ್ತಾಗ್ತದ" ಎಂದರು ಪುರೋಹಿತರು.

ಕೇಳಿದೆ. ಮಾಧವರಂನವರು ತುಪ್ಪದ ಕೈಯಲ್ಲೇ, "ತೃಪ್ತಾಃ ಸ್ಮಃ" ಎಂದು ಬಾಯಿಪಾಠದ ಉತ್ತರ ಕೊಟ್ಟರು, ತೃಪ್ತರಾದೆವು ಎಂದು. ಅಷ್ಟಕ್ಕೆ ಮುಗಿಯಬೇಕಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ತುಪ್ಪದ ಗಿಂಡಿಯನ್ನು ನನ್ನ ಕಡೆ ಚಾಚಿ, "ಇನ್ನೊಂಚೂರು ಹಾಕಲೇನು ಅಂತ ಕೇಳಪಾ" ಎಂದಳು. ಮಂತ್ರದಲ್ಲಿ ಆ ಪ್ರಶ್ನೆ ಇಲ್ಲ. ಆದರೂ ಗಿಂಡಿ ತೆಗೆದುಕೊಂಡು, ಬಗ್ಗಿ ಕೇಳಿದೆ.

ಅವರು ಎಲೆಗೆ ಕೈ ಅಡ್ಡ ಹಿಡಿದು, "ಸಾಕಪಾ, ಸಾಕು" ಎಂದರು. ನಮ್ಮಪ್ಪ ಯಾವತ್ತೂ ಹಾಗೆ ಅಂದವರಲ್ಲ.